ಅಪ್ಪನ ಕೊಡೆಗೆ ಇಲಾಖೆಯ ಅಪ್ಪಣೆ

ನಮ್ಮ ಕಥಾನಾಯಕರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಆದರೆ ಅದನ್ನು ಯಾರೂ ಉಪಯೋಗಿಸದೆ ಹಾಗೇ ಹೊಸದಾಗಿ ಉಳಿದುಹೋಗಿತ್ತು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ‘ಆಗ್ಲಿಬಿಡಿ’ ಎಂದೇ. ಯಾರು ಏನು ಕೇಳಿದರೂ ಅವರ ಬಾಯಿಂದ ಹೊರಡುತ್ತಿದ್ದುದು ಆ ಒಂದೇ ಮಾತು. ಸಾಯಂಕಾಲದೊಳಗೆ ಕೊಡೆ ರಿಪೇರಿ ಆಗಬೇಕು ಎಂದರೆ “ಆಗ್ಲಿ ಬಿಡಿ”. ಆಗುತ್ತಿರಲಿಲ್ಲ, ಅದು ಬೇರೆ ವಿಷಯ. ಯಾರಿಗೂ ಇಲ್ಲ ಎನ್ನಲಾರದ ಈ ಗುಣ ಅವರಿಗೆ ಅಪ್ಪನಿಂದ ಬಂದದ್ದು. ಹೆದ್ದಾರಿಯ ತಿರುವಿನಲ್ಲಿದ್ದ ಕೊಡೆ ರಿಪೇರಿ ಅಂಗಡಿಯೂ ಅಪ್ಪನಿಂದಲೇ ಬಂದದ್ದು. ಹೀಗಾಗಿ ಅವರದೇ ಎನ್ನುವಂಥದು ಬೊಜ್ಜು ಒಂದೇ.

ಅಪ್ಪನ ಕಾಲದಲ್ಲಿ ಹೆದ್ದಾರಿ ಇನ್ನೂ ಹೆದ್ದಾರಿಯಾಗಿರಲಿಲ್ಲ, ಬರೀ ರಸ್ತೆಯಾಗಿತ್ತು. ಎದುರಿಂದ ಲಾರಿ ಬಂದರೆ ಬಸ್ಸು ಪಕ್ಕಕ್ಕೆ ಸರಿದು ನಿಲ್ಲಬೇಕು, ಇಬ್ಬರು ಡ್ರೈವರುಗಳೂ ಕಿಟಕಿಯಿಂದ ತಲೆ ಹೊರಹಾಕಿ ಮನೆಯ ಕಷ್ಟಸುಖ ಮಾತಾಡಿಕೊಳ್ಳಬೇಕು, ಆಮೇಲೆ ಮುಂದಕ್ಕೆ ಹೋಗಬೇಕು. ಯಾರಿಗೂ ಆತುರವಿರಲಿಲ್ಲ. ಅಂಥ ಕಾಲದಲ್ಲಿ ಒಂದು ಮಳೆಗಾಲಕ್ಕೆ ಮುಂಚೆ ಅಪ್ಪನಿಗೆ ಅಂಗಡಿಗೆ ಬೋರ್ಡು ಬೇಕೆನ್ನಿಸಿತು. ಅಕ್ಷರ ಬರೆಸುವ ಬದಲು ಅವರು ಒಂದು ಕೊಡೆಯನ್ನೇ ಮಾಡಿದರು. ಮುರಿದ ಮಂಚಗಳ ಸರಳುಗಳು ಬಗ್ಗಿ ಕಡ್ಡಿಗಳಾದವು, ಒಂದು ಕಬ್ಬಿಣದ ಕೊಳವೆ ಕೋಲಾಯಿತು. ಬಟ್ಟೆ ಹೊಲಿದವಳು ಅಕ್ಕ. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ, ನೆಲದ ಮೇಲೆ ಕಾಲು ಚಾಚಿ ಕುಳಿತು, ದಪ್ಪ ಸೂಜಿಯಲ್ಲಿ ಬೆರಳು ಚುಚ್ಚಿಸಿಕೊಂಡು ಹೊಲಿದಳು. ಕಪ್ಪು ಬಟ್ಟೆ ಸಾಲದೆ ಬಂದಾಗ ತನ್ನ ಹಳೆಯ ಕೆಂಪು ಫ್ರಾಕನ್ನೇ ಕತ್ತರಿಸಿ ಒಂದು ಪಟ್ಟಿ ಸೇರಿಸಿಬಿಟ್ಟಳು. ಲಾರಿಯಷ್ಟೆತ್ತರದ ಆ ಕೊಡೆಯನ್ನು ಅಪ್ಪ ರಸ್ತೆಯ ಪಕ್ಕದಲ್ಲಿ ನೆಟ್ಟರು. ಯಾರನ್ನು ಕೇಳಿ ನೆಟ್ಟರು ಎಂದು ಆಗ ಯಾರೂ ಕೇಳಲಿಲ್ಲ.

ಅಂದಿನಿಂದ ಬಸ್ಸು ನಿಲ್ಲುವುದು ಅಲ್ಲೇ ಎಂದಾಯಿತು. ಮಳೆ ಬಂದರೆ ಬೀದಿಗೆ ಬೀದಿಯೇ ಅದರಡಿ ಸೇರುತ್ತಿತ್ತು. ಮಾತು ಬಿಟ್ಟವರು ಮೈಗೆ ಮೈ ತಗುಲಿಸಿಕೊಂಡು ನಿಂತು, ಮಳೆ ಬಿಡುವ ಹೊತ್ತಿಗೆ ಮಾತು ಆಡತೊಡಗಿರುತ್ತಿದ್ದರು. ಬೇಕೆಂದೇ ಮನೆಯಲ್ಲಿ ಕೊಡೆ ಮರೆತು ಬರುವ ಹುಡುಗ ಹುಡುಗಿಯರೂ ಇದ್ದರು. ಇದರಿಂದ ಅಪ್ಪನ ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ನಿಜ. ಯಾರಾದರೂ ಅದನ್ನು ಎತ್ತಿ ಆಡಿದರೆ ಅಪ್ಪ, “ಆಗ್ಲಿ ಬಿಡಿ, ನೆನೆಯದೆ ನಿಂತಿದಾರಲ್ಲ” ಎನ್ನುತ್ತಿದ್ದರು.

ಆಮೇಲೆ ಅಕ್ಕ ಮದುವೆಯಾಗಿ ದೂರ ಹೋದಳು. ಅಪ್ಪ ಇನ್ನೂ ದೂರ ಹೋದರು. ರಸ್ತೆ ಅಗಲವಾಯಿತು. ರಸ್ತೆ ಅಗಲ ಮಾಡುವವರು ಬಂದು, ಟಾರಿನಿಂದ ಅಂಗಡಿಯ ಮೆಟ್ಟಿಲವರೆಗಿನ ಜಮೀನೆಲ್ಲ ಹೆದ್ದಾರಿ ಇಲಾಖೆಯದು ಎಂದು ಹೇಳಿ, ಕೊಡೆಯನ್ನು ಕಿತ್ತು ಬದಿಗಿಟ್ಟು ಹೋದರು. ನಮ್ಮವರು “ಆಗ್ಲಿ ಬಿಡಿ” ಎಂದರು. ಅಂದು ರಾತ್ರಿ ಊಟ ಮಾಡಲಿಲ್ಲ. ಮರುದಿನ ಬಟ್ಟೆಯನ್ನು ಮಡಿಸಿ, ನಡುನಡುವೆ ನುಸಿಗುಳಿಗೆ ಹಾಕಿ, ಕಡ್ಡಿ ಕೋಲುಗಳ ಸಮೇತ ಅಟ್ಟಕ್ಕೆ ಏರಿಸಿದರು.

ಅಕ್ಕನಿಗೆ ಮಾತ್ರ ಈ ಸುದ್ದಿ ಹೇಳಲು ಬಾಯಿ ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಅವಳು ಎಲ್ಲರ ಆರೋಗ್ಯ ವಿಚಾರಿಸಿ ಕೊನೆಯಲ್ಲಿ ಕೇಳುತ್ತಿದ್ದಳು: “ಅಪ್ಪನ ಕೊಡೆ ಇದೆಯೇನೋ?”

“ಇದೆ ಅಕ್ಕ.”

ಇದ್ದದ್ದು ನಿಜವೇ. ಎಲ್ಲಿದೆ ಎಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಹೀಗೆ ಎಷ್ಟೋ ವರ್ಷ ನಡೆದುಹೋಯಿತು. ಇಂಥದು ನಡೆಯುತ್ತಿರುವವರೆಗೂ ಚೆನ್ನಾಗಿ ನಡೆಯುತ್ತದೆ.

ಒಂದು ದಿನ ಅಕ್ಕನ ಫೋನು ಬಂತು. “ಬರೋ ತಿಂಗಳು ಬರ್ತೀನಿ ಕಣೋ. ಕಣ್ಣು ಮಂಜಾಗ್ತಾ ಇದೆ. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಅಪ್ಪನ ಅಂಗಡಿ, ಆ ಕೊಡೆ ಎಲ್ಲ ನೋಡ್ಬೇಕು.”

“ನಾನು ಬಂದು ಕರ್ಕೊಂಡು ಬರ್ತೀನಿ ಅಕ್ಕ.”

“ಬೇಡ್ವೋ. ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರ್ತೀನಿ. ಆ ಕೆಂಪು ಪಟ್ಟಿ ಕಂಡ ಕಡೆ ಇಳ್ಕೋತೀನಿ. ಅದು ಕಾಣದಷ್ಟು ಇನ್ನೂ ಕುರುಡಿ ಆಗಿಲ್ಲ.”

ನಮ್ಮವರು ಅಭ್ಯಾಸಬಲದಿಂದ “ಆಗ್ಲಿ ಬಿಡು” ಎಂದುಬಿಟ್ಟರು. ಫೋನು ಇಟ್ಟ ಮೇಲೆ ಅಲ್ಲೇ ಕುಸಿದು ಕುಳಿತರು.

“ಈಗ್ಲಾದ್ರೂ ನಿಜ ಹೇಳಿಬಿಡಿ” ಎಂದಳು ಹೆಂಡತಿ.

“ಹೇಗೆ ಹೇಳ್ಲೇ? ಕೊಡೆ ಇಲ್ಲ ಅಂದ್ರೆ ಅವಳು ಬರೋದೇ ಇಲ್ಲ. ಬಂದ್ರೂ ಎಲ್ಲಿ ಇಳೀಬೇಕು ಅಂತ ಗೊತ್ತಾಗಲ್ಲ. ಮತ್ತೆ ನೆಟ್ಟುಬಿಡ್ತೀನಿ. ಈ ಸಲ ಇಲಾಖೆ ಹತ್ರ ಅಪ್ಪಣೆ ತಗೊಂಡೇ ನೆಡ್ತೀನಿ. ಅದೇನು ಮಹಾ, ಎರಡು ಮಾತಿನ ಕೆಲಸ.”

ಹೆದ್ದಾರಿ ಇಲಾಖೆಯ ಕಚೇರಿಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕಾಗದಗಳು ಹಾರಿಹೋಗದಂತೆ ಪ್ರತಿ ಕಟ್ಟಿನ ಮೇಲೂ ಒಂದೊಂದು ಜಲ್ಲಿಕಲ್ಲು ಇಟ್ಟಿದ್ದರು. ದೊಡ್ಡ ಕಡತಕ್ಕೆ ದೊಡ್ಡ ಕಲ್ಲು, ಸಣ್ಣದಕ್ಕೆ ಸಣ್ಣದು. ಆ ಕಲ್ಲುಗಳ ನಡುವೆ ಒಬ್ಬ ಗುಮಾಸ್ತೆ ಮೇಡಂ ಕುಳಿತಿದ್ದರು.

“ಏನು ಬೇಕಿತ್ತು?”

“ಒಂದು ಕೊಡೆ ನಿಲ್ಲಿಸ್ಬೇಕಿತ್ತು ಮೇಡಂ.”

“ಬಾಗಿಲ ಹಿಂದೆ ಬಕೆಟ್ ಇದೆ, ಅದ್ರಲ್ಲಿ ನಿಲ್ಲಿಸಿ.”

“ಅದ್ರಲ್ಲಿ ಹಿಡಿಸಲ್ಲ ಮೇಡಂ. ಲಾರಿಯಷ್ಟೆತ್ತರ ಇದೆ. ಹೆದ್ದಾರಿ ಪಕ್ಕ ನಿಲ್ಲಿಸ್ಬೇಕು.”

ಮೇಡಂ ಕನ್ನಡಕ ಸರಿಮಾಡಿಕೊಂಡು ಅವರನ್ನು ಮೊದಲ ಬಾರಿಗೆ ನೋಡಿದರು. “ಹಾಗೆ ಹೇಳಿ. ಹೊರಗಿನವರ ಯೋಜನೆ.”

“ನಾನು ಹೊರಗಿನವನಲ್ಲ ಮೇಡಂ, ಇಲ್ಲೇ ಹುಟ್ಟಿ ಬೆಳೆದವನು.”

“ಈ ಕಚೇರೀಲಿ ಹುಟ್ಟಿದೀರಾ?”

“ಇಲ್ಲ.”

“ಹಾಗಾದ್ರೆ ಹೊರಗಿನವರೇ. ಹೆದ್ದಾರಿ ಜಮೀನಲ್ಲಿ ಇಲಾಖೆ ಬಿಟ್ಟು ಬೇರೆ ಯಾರು ಏನು ಮಾಡಿದ್ರೂ ಅದು ಹೊರಗಿನವರ ಯೋಜನೆ. ಗೂಟ ಹೊಡೆದ್ರೂ ಯೋಜನೆ, ಸೇತುವೆ ಕಟ್ಟಿದ್ರೂ ಯೋಜನೆ. ಅರ್ಜಿ ಎರಡಕ್ಕೂ ಒಂದೇ.” ಅವರು ಅರ್ಜಿಯ ಮೇಲೆ ಪೆನ್ನಾಡಿಸಿದರು. “ಪೈಪು, ಕೇಬಲ್ಲು, ಕಮಾನು, ಬೋರ್ಡು... ಕೊಡೆ ಅನ್ನೋದು ಇಲ್ಲವಲ್ಲ. ನಿಮ್ಮದು ಮುಚ್ಚಿದ ಕೊಡೆನೋ ಬಿಚ್ಚಿದ ಕೊಡೆನೋ?”

“ಎರಡೂ ಒಂದೇ ಕೊಡೆ ಮೇಡಂ.”

“ನಿಮಗೆ ಒಂದೇ. ಇಲಾಖೆಗೆ ಒಂದಲ್ಲ. ಮುಚ್ಚಿದ್ರೆ ಅದು ಕಂಬ. ಬಿಚ್ಚಿದ್ರೆ ರಸ್ತೆ ಕಡೆ ಚಾಚಿಕೊಳ್ಳುತ್ತೆ, ಮೇಲ್ರಚನೆ. ಎರಡನ್ನೂ ಹಾಕ್ತೀನಿ. ಕಂಬ ನೆಡೋವಾಗ ವಾಹನ ಹೇಗೆ ತಡೀತೀರಿ?”

“ಕೈ ಅಡ್ಡ ಹಿಡೀತೀನಿ ಮೇಡಂ.”

“ಕೈ ನಡೆಯಲ್ಲ. ಕೆಲಸ ಮುಗಿಯೋವರೆಗೂ ಕಿತ್ತಳೆ ಬಣ್ಣದ ಕೋನ್ ಸಾಲಾಗಿ ಇಡ್ಬೇಕು. ನಾವೇ ಕೊಡ್ತೀವಿ. ನಾವು ಹೇಳೋವರೆಗೂ ತೆಗೀಬಾರದು.”

“ಆಗ್ಲಿ ಬಿಡಿ” ಎಂದರು ನಮ್ಮವರು. ಅವರ ಅರ್ಜಿಯ ಮೇಲೆ ಮೇಡಂ ಒಂದು ಮಧ್ಯಮ ಗಾತ್ರದ ಕಲ್ಲನ್ನು ಇಟ್ಟರು.

ವಾರದೊಳಗೆ ಇಲಾಖೆಯ ಆಳೊಬ್ಬ ಬಂದು ಅಂಗಡಿಯ ಗೋಡೆಗೆ ಪ್ರಕಟಣೆ ಅಂಟಿಸಿ ಹೋದ. ಪಕ್ಕದ ಕ್ಷೌರದಂಗಡಿಯವರು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದು ಓದಿದರು. ಉಳಿದರ್ಧ ಗಡ್ಡ ಹೊತ್ತುಕೊಂಡು ಗಿರಾಕಿಯೂ ಬಂದ. ‘ಹೆದ್ದಾರಿ ಜಮೀನಿನಲ್ಲಿ ಹೊರಗಿನವರ ಯೋಜನೆ. ಕಾಮಗಾರಿ: ಕಂಬ ಹಾಗೂ ರಸ್ತೆಯ ಕಡೆಗೆ ಚಾಚುವ ಮೇಲ್ರಚನೆ. ಆಕ್ಷೇಪಣೆ ಉಳ್ಳವರು ಸ್ಥಳ ಪರಿಶೀಲನೆಯ ದಿನ ಹಾಜರಿರತಕ್ಕದ್ದು.’

“ಕಂಬ. ಮೇಲ್ರಚನೆ. ರಸ್ತೆ ಕಡೆಗೆ” ಎಂದು ಕ್ಷೌರದವರು ಒಂದೊಂದೇ ಮಾತನ್ನು ತೂಗಿ ಹೇಳಿದರು. “ಇದು ಮೇಲ್ಸೇತುವೆ ಕಣ್ರೀ! ನಮ್ಮ ತಲೆ ಮೇಲೆ ಸೇತುವೆ ಬರ್ತಿದೆ!”

ಸುದ್ದಿ ಬೀದಿಯ ಆ ತುದಿಗೆ ಮುಟ್ಟುವ ಹೊತ್ತಿಗೆ ಸೇತುವೆಗೆ ಎರಡು ಅಂತಸ್ತು ಆಗಿತ್ತು. ಕ್ಷೌರದವರು ನೇರವಾಗಿ ನಮ್ಮವರ ಬಳಿ ಬಂದು, “ಏನ್ರೀ, ಮೇಲ್ಸೇತುವೆ ನಿಮ್ಮದೇನಂತೆ?” ಎಂದು ಕೇಳಿದಾಗ ನಮ್ಮವರು ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ಯಾರದೋ ಕೊಡೆಯ ಹಿಡಿಯನ್ನು ಕೂಡಿಸುತ್ತಿದ್ದರು. ಹಲ್ಲಿನ ಸಂದಿಯಿಂದ “ಆಗ್ಲಿ ಬಿಡಿ” ಎಂದರು. ಒಪ್ಪಿಕೊಂಡಂತೆಯೇ ಆಯಿತು.

ಆಮೇಲಾದರೂ ನಿಜ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಒಂದು ತೊಂದರೆ ಆಗಿಬಿಟ್ಟಿತ್ತು. ಚಹಾದಂಗಡಿಯಮ್ಮ ಕೇಳದೆಯೇ ಚಹಾ ಕಳಿಸತೊಡಗಿದ್ದರು. ಸೇತುವೆ ಕಟ್ಟುವ ಕೂಲಿಗಳೆಲ್ಲ ತಮ್ಮಲ್ಲೇ ಚಹಾ ಕುಡಿಯಲಿ ಎಂಬುದು ಅವರ ಲೆಕ್ಕಾಚಾರ. ದಾರಿಯಲ್ಲಿ ಹೋಗುವವರು ‘ಸಾರ್’ ಎನ್ನತೊಡಗಿದ್ದರು. ಜೀವಮಾನವಿಡೀ ‘ಏಯ್ ಆಗ್ಲಿಬಿಡಿ’ ಎನ್ನಿಸಿಕೊಂಡ ಮನುಷ್ಯನಿಗೆ ‘ಸಾರ್’ ಎಂಬುದು ಬಿಸಿ ನೀರಿನ ಸ್ನಾನದ ಹಾಗೆ ಹಿತವಾಗಿತ್ತು. ಇನ್ನೊಂದೆರಡು ದಿನ ಇರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಹೆಂಡತಿಯ ತಮ್ಮ ತಲೆಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಬಸ್ಸಿಳಿದ.

“ಭಾವ, ಕಾಂಟ್ರಾಕ್ಟು ಹೊರಗಿನವರಿಗೆ ಕೊಡೋ ಹಾಗಿಲ್ಲ. ಮನೇಲೇ ನಾನಿದೀನಿ.”

“ನೀನು ಹಿಂದೆ ಏನಾದ್ರೂ ಕಟ್ಟಿಸಿದೀಯೇನಪ್ಪ?”

“ನಮ್ಮನೆ ಕಾಂಪೌಂಡು ಕಟ್ಟಿಸ್ಲಿಲ್ವಾ?”

“ಅದು ಬಿತ್ತಲ್ಲ.”

“ಅದ್ಕೇ ಭಾವ, ಅನುಭವ ಅಂತ ಆಗಿದೆ. ಈ ಸಲ ಬೀಳಲ್ಲ.”

“ಆಗ್ಲಿ ಬಿಡು” ಎಂದರು ಭಾವ. ಮೈದುನ ಮನೆಯ ಮುಂದಿನ ಕೋಣೆಯಲ್ಲಿ ಬೀಡುಬಿಟ್ಟು, ಬಂದವರಿಗೆಲ್ಲ ಕೆಲಸ ಕೊಡಿಸುವ ಮಾತು ಕೊಡತೊಡಗಿದ. ಎಲ್ಲ ಬಲ್ಲ ಹೆಂಡತಿಗೂ ಒಂದು ರಾತ್ರಿ ಅನುಮಾನ ಬಂತು. ದೀಪ ಆರಿಸಿದ ಮೇಲೆ ಮೆಲ್ಲಗೆ ಕೇಳಿದಳು: “ಏನ್ರೀ, ನಿಜ ಹೇಳಿ. ಸೇತುವೆ ಏನೂ ಕಟ್ಟಿಸಲ್ಲ ತಾನೆ?”

ಪರಿಶೀಲನೆಯ ದಿನ ಇಂಜಿನಿಯರು ಅಳತೆ ಟೇಪು ಹಿಡಿದುಕೊಂಡು ಬಂದರು. ಹಿಂದೆ ಕಡತವನ್ನೂ, ಅದರ ಮೇಲಿಡಲು ಆ ಕಲ್ಲನ್ನೂ ಹಿಡಿದು ಗುಮಾಸ್ತೆ ಮೇಡಂ ಬಂದರು. ಇಡೀ ಬೀದಿ ಅಂಗಡಿಯ ಮುಂದೆ ಸೇರಿತ್ತು. ಕ್ಷೌರದವರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು.

“ಸ್ವಾಮಿ, ಸೇತುವೆ ಬಂದ್ರೆ ನನ್ನಂಗಡಿಗೆ ಬೆಳಕು ಬರಲ್ಲ. ಬೆಳಕಿಲ್ಲದೆ ಕತ್ತಿ ಆಡಿಸಿದ್ರೆ ಯಾರ ಮೂಗು ಹೋಗುತ್ತೋ, ಯಾರ ಕಿವಿ ಹೋಗುತ್ತೋ. ಅದಕ್ಕೆ ಇಲಾಖೆ ಜವಾಬ್ದಾರಿ ತಗೊಳ್ಳುತ್ತಾ?”

“ಸೇತುವೆ ಬರ್ಲೇಬೇಕು ಸ್ವಾಮಿ” ಎಂದರು ಚಹಾದಂಗಡಿಯಮ್ಮ. “ಇವರ ಮಾತು ಕೇಳ್ಬೇಡಿ. ಬೆಳಕಿದ್ದಾಗಲೂ ಕಿವಿ ಕುಯ್ದಿದಾರೆ.”

ಇಂಜಿನಿಯರು ಕಡತವನ್ನು ನೋಡಿದರು, ಜನರನ್ನು ನೋಡಿದರು, ಆಕಾಶವನ್ನೂ ಒಮ್ಮೆ ನೋಡಿದರು. “ಯಾವ ಸೇತುವೆ?”

ಎಲ್ಲರ ಕಣ್ಣೂ ನಮ್ಮವರ ಮೇಲೆ ಬಿತ್ತು. ಅವರು ಬೆವರು ಒರೆಸಿಕೊಂಡರು. ‘ಸಾರ್’ ಎನ್ನಿಸಿಕೊಳ್ಳುವ ಕಾಲ ಮುಗಿಯಿತೆಂದು ಗೊತ್ತಾಯಿತು.

“ಸೇತುವೆ ಅಲ್ಲ ಸರ್. ನಮ್ಮಪ್ಪನ ಕೊಡೆ.”

ಮೈದುನ ಹೆಲ್ಮೆಟ್ಟು ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕ್ಷೌರದವರ ಮುಖ ಕೆಂಪಾಯಿತು. “ಕೊಡೆನಾ? ಒಂದು ಕೊಡೆಗೋಸ್ಕರ ನಾನು ನಿದ್ದೆಗೆಟ್ಟು ಭಾಷಣ ಬಾಯಿಪಾಠ ಮಾಡಿದ್ನಾ? ಮಾನ ಇದೆಯೇನ್ರೀ ನಿಮಗೆ...” ಎಂದವರು ಅಲ್ಲಿಗೇ ನಿಂತರು. ಸ್ವರ ಬದಲಾಯಿತು. “ಅಲ್ಲ... ಆ ಕೊಡೆ ಇನ್ನೂ ಇದೆಯಾ? ಕೆಂಪು ಪಟ್ಟಿದು?”

“ಇದೆ. ಅಟ್ಟದ ಮೇಲೆ.”

“ನನ್ನ ಮೊದಲನೇ ಕ್ಷೌರ ಅದರಡಿಯಲ್ಲೇ ಮಾಡಿದ್ದು” ಎಂದರು ಕ್ಷೌರದವರು ಇಂಜಿನಿಯರಿಗೆ. “ಆಗ ನನಗೆ ಅಂಗಡಿ ಎಲ್ಲಿತ್ತು? ಇವರಪ್ಪನೇ ಒಂದು ಸ್ಟೂಲು ಹಾಕ್ಕೊಟ್ಟು, ಬಾ, ಮೊದಲು ನನ್ನ ತಲೇನೇ ಕೆಡಿಸು ಅಂದ್ರು. ಕೆಡಿಸಿದೆ. ಆಗ್ಲಿ ಬಿಡು, ಬೆಳೆಯುತ್ತೆ ಅಂದ್ರು.”

“ನನ್ನ ಯಜಮಾನರು ನನ್ನ ಮೊದಲು ನೋಡಿದ್ದು ಅದರ ಕೆಳಗೇ” ಎಂದರು ಚಹಾದಂಗಡಿಯಮ್ಮ. ಮಾತು ಮುಗಿಸದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಶುರುಮಾಡಿದರು. ಯಾರೋ ಮೊದಲ ಕೆಲಸಕ್ಕೆ ಬಸ್ಸು ಹತ್ತಿದ್ದು ಅಲ್ಲಿಂದ, ಯಾರದೋ ಜಗಳ ಮುಗಿದದ್ದು ಅಲ್ಲಿ. ರಸ್ತೆ ಅಗಲವಾದ ಮೇಲೆ ಮಳೆ ಬಂದರೆ ಒಬ್ಬೊಬ್ಬರು ಒಂದೊಂದು ಬಾಗಿಲಲ್ಲಿ ನಿಲ್ಲುತ್ತಿದ್ದೇವೆ, ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಾಗುವುದಿಲ್ಲ ಎಂದು ಆ ಹೊತ್ತಿನಲ್ಲಿ ಎಲ್ಲರಿಗೂ ಹೊಳೆಯಿತು. ಯಾರೂ ಆಕ್ಷೇಪಣೆ ಎತ್ತಲಿಲ್ಲ.

ಇಂಜಿನಿಯರು ಒಳ್ಳೆಯವರೇ. ಆದರೆ ಇಲಾಖೆಯವರು. “ಕಂಬಕ್ಕೆ ಇವತ್ತೇ ಅನುಮತಿ ಕೊಡ್ತೀನಿ. ಮುಚ್ಚಿದ ಸ್ಥಿತೀಲಿ ನೆಡಿ. ಬಿಚ್ಚೋದಕ್ಕೆ ಬೇರೆ ಅನುಮತಿ ಬೇಕು. ತಿರುವಲ್ಲಿ ಡ್ರೈವರ್ ಕಣ್ಣಿಗೆ ಅಡ್ಡ ಬರುತ್ತಾ ಅಂತ ನಾನು ಬಂದು ನೋಡ್ಬೇಕು. ಅಲ್ಲೀವರೆಗೂ ಬಿಚ್ಚಿದ್ರೆ ಕಂಬಾನೂ ಕಿತ್ತು ತಗೊಂಡು ಹೋಗ್ತೀವಿ.”

ಆ ‘ಬಂದು ನೋಡುವ’ ದಿನ ಯಾವುದಾಯಿತೆಂದರೆ, ಅಕ್ಕ ಬರುವ ದಿನವೇ ಆಯಿತು.

ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಕೊಡೆ ಮುಚ್ಚಿಕೊಂಡು ಕಂಬವಾಗಿ ನಿಂತಿತ್ತು, ಕೆಂಪು ಪಟ್ಟಿ ಮಡಿಕೆಯೊಳಗೆ ಎಲ್ಲೋ ಅಡಗಿಹೋಗಿತ್ತು. ಸುತ್ತ, ರಸ್ತೆಯ ಅರ್ಧದವರೆಗೂ, ಕಿತ್ತಳೆ ಕೋನುಗಳ ಸಾಲು. ನಮ್ಮವರು ಒಂದು ಕಣ್ಣು ತಿರುವಿನ ಮೇಲೂ ಒಂದು ಕಣ್ಣು ಇಂಜಿನಿಯರ ಮೇಲೂ ಇಟ್ಟು ನಿಂತಿದ್ದರು. ಬೀದಿಯೂ ನಿಂತಿತ್ತು. ಅಷ್ಟರಲ್ಲಿ ಮಳೆ ಶುರುವಾಯಿತು.

“ಬಿಚ್ಚಿದ ಸ್ಥಿತೀಲಿ ನೋಡ್ಬೇಕಲ್ಲ” ಎಂದರು ಇಂಜಿನಿಯರು, ತಲೆಯ ಮೇಲೆ ಕಡತ ಹಿಡಿದುಕೊಂಡು.

“ಬಿಚ್ಚಲಾ ಸರ್?”

“ಹಾಂ... ತಡೀರಿ. ಅನುಮತಿ ಇಲ್ಲದೆ ಹೇಗೆ ಬಿಚ್ತೀರಿ?”

“ಹಾಗಾದ್ರೆ ಅನುಮತಿ ಕೊಡಿ ಸರ್.”

“ನೋಡದೆ ಹೇಗೆ ಕೊಡ್ಲಿ?”

“ನೋಡಿ ಸರ್.”

“ಬಿಚ್ಚದೆ ಹೇಗೆ ನೋಡ್ಲಿ?”

ಇಬ್ಬರೂ ಪರಸ್ಪರ ನೋಡಿಕೊಂಡು ನೆನೆದರು. ಮೇಡಂ ಅರ್ಜಿಯ ಹಿಂಭಾಗದ ನಿಯಮಗಳನ್ನು ಓದಲು ಹೋದರು. ಮಳೆ ಬಿದ್ದು ಶಾಯಿ ಹರಡಿ, ನಿಯಮಗಳೆಲ್ಲ ಒಂದರೊಳಗೊಂದು ಸೇರಿಹೋದವು. ಕೊನೆಗೆ ಇಂಜಿನಿಯರು ಮುಖ ಒರೆಸಿಕೊಂಡು, “ಮೇಲಿನವರನ್ನು ಕೇಳಿ ಹೇಳ್ತೀನಿ. ಮುಂದಿನ ತಿಂಗಳು ಬರ್ತೀವಿ” ಎಂದರು.

ಆಗಲೇ ತಿರುವಿನ ಆಚೆಯಿಂದ ಬಸ್ಸಿನ ಹಾರನ್ನು ಕೇಳಿಸಿತು.

“ಆಗಲ್ಲ ಸರ್” ಎಂದರು ನಮ್ಮವರು.

ಕ್ಷೌರದವರು ಬೆಚ್ಚಿಬಿದ್ದರು. ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗೆ ಬಿಟ್ಟಳು. ಆ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಆಡಿದವರಿಗೇ ಆಶ್ಚರ್ಯವಾಗಿತ್ತು.

“ಏನಂದ್ರಿ?”

“ಆಗಲ್ಲ ಅಂದೆ ಸರ್. ನಮ್ಮಕ್ಕ ಬರ್ತಿದಾಳೆ. ಕಂಬ ಬೇಕಾದ್ರೆ ಕಿತ್ಕೊಂಡು ಹೋಗಿ. ನನ್ನೂ ಬೇಕಾದ್ರೆ ಕರ್ಕೊಂಡು ಹೋಗಿ. ಈಗ ಇದನ್ನ ಬಿಚ್ಚಲೇಬೇಕು.” ಹೀಗೆಂದು ಮುಂದೆ ನುಗ್ಗಿ ಕೊಡೆ ಬಿಚ್ಚುವ ಹಗ್ಗ ಹಿಡಿದು ಜಗ್ಗಿದರು.

ಕೊಡೆ ಬಿಚ್ಚಿಕೊಳ್ಳಲಿಲ್ಲ. ಮತ್ತೆ ಜಗ್ಗಿದರು. ಮೈದುನ ಬಂದು ಜೊತೆಗೆ ಜಗ್ಗಿದ, ಕ್ಷೌರದವರು ಮೈದುನನ ಸೊಂಟ ಹಿಡಿದು ಜಗ್ಗಿದರು. ಎಷ್ಟೋ ವರ್ಷ ಮಲಗಿದ್ದ ಕೊಡೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಬಸ್ಸು ತಿರುವು ದಾಟಿ ಬಂದೇಬಿಟ್ಟಿತು. ಕಿಟಕಿಯ ಪಕ್ಕ ಒಂದು ನರೆತ ತಲೆ ಗಾಜಿಗೆ ಮೂಗು ಒತ್ತಿಕೊಂಡು ಹೊರಗೆ ಹುಡುಕುತ್ತಿತ್ತು. ಹುಡುಕುವ ಕಣ್ಣು ಅವರ ಮೇಲಿಂದಲೇ ಹಾದು ಮುಂದಕ್ಕೆ ಹೋಯಿತು.

ಆದರೆ ಇಲಾಖೆಯ ಕೋನುಗಳು ಇದ್ದವಲ್ಲ. ಡ್ರೈವರು ಬೈಯುತ್ತಾ ಬ್ರೇಕು ಒತ್ತಿದ. ರಸ್ತೆಯ ಪಕ್ಕ ಒಂದು ಕಂಬಕ್ಕೆ ಒಂದು ಬೀದಿಯೇ ಜೋತುಬಿದ್ದಿರುವುದನ್ನು ನೋಡಿ ಬಾಯಿ ತೆರೆದುಕೊಂಡು ಕುಳಿತ. ಆ ಗಲಾಟೆಯಲ್ಲಿ “ಅಕ್ಕಾ! ಅಕ್ಕಾ!” ಎಂಬ ಕೂಗು ಕಿಟಕಿಯೊಳಗೆ ಹೋಯಿತು. ಅಕ್ಕ ಚೀಲ ಹಿಡಿದುಕೊಂಡು ನಿಧಾನವಾಗಿ ಇಳಿದಳು.

“ಮಳೇಲಿ ಕೊಡೆ ಮುಚ್ಚಿಟ್ಟುಕೊಂಡು ಕುಣೀತಾ ಇದೀರೇನೋ? ಬುದ್ಧಿ ನೆಟ್ಟಗಿದೆಯಾ? ಸರೀರಿ ಆಚೆ.”

ಅವಳು ಕಂಬವನ್ನು ಕೈಯಿಂದ ತಡವಿ, ಮೊಣಕಾಲೆತ್ತರದಲ್ಲಿ ಒಂದು ಜಾಗ ಹುಡುಕಿ, ಚಪ್ಪಲಿ ಕಾಲಿನಿಂದ ಅಲ್ಲಿಗೆ ಬಲವಾಗಿ ಒಂದು ಒದೆ ಕೊಟ್ಟಳು. “ಒದೀದೆ ಅಪ್ಪನಿಗೇ ಬಿಚ್ಕೊಳ್ತಾ ಇರ್ಲಿಲ್ಲ ಇದು” ಎಂದು ಹಗ್ಗ ಎಳೆದಳು.

ಕೊಡೆ ಧಡ್ಡನೆ ಬಿಚ್ಚಿಕೊಂಡಿತು. ಮಡಿಕೆಗಳಲ್ಲಿ ಉಳಿದಿದ್ದ ನುಸಿಗುಳಿಗೆಗಳು ಎಲ್ಲರ ತಲೆಯ ಮೇಲೂ ಆಲಿಕಲ್ಲಿನ ಹಾಗೆ ಉದುರಿದವು. ಕೆಂಪು ಪಟ್ಟಿ ರಸ್ತೆಯ ಕಡೆಗೆ ಹೊಳೆಯಿತು. ಬೀದಿಗೆ ಬೀದಿಯೇ ಕೆಳಗೆ ನುಗ್ಗಿತು. ಎಲ್ಲರಿಗಿಂತ ಮೊದಲು ನುಗ್ಗಿದವರು ಇಂಜಿನಿಯರು.

ಎಲ್ಲರೂ ಬಟ್ಟೆಯ ಮೇಲೆ ಮಳೆ ಬೀಳುವ ಆ ಹಳೆಯ ಸದ್ದನ್ನು ಕೇಳುತ್ತಾ ನಿಂತರು. ಆಮೇಲೆ ಇಂಜಿನಿಯರು ಕುತ್ತಿಗೆ ಚಾಚಿ ತಿರುವಿನ ಕಡೆ ನೋಡಿದರು. ಬಸ್ಸಿನ ಡ್ರೈವರನ್ನು ಕೂಗಿ, “ಕಣ್ಣಿಗೆ ಅಡ್ಡ ಬರುತ್ತೇನಪ್ಪ?” ಎಂದರು. “ಏನೂ ಇಲ್ಲ ಸರ್, ದೂರದಿಂದಲೇ ಕಾಣುತ್ತೆ” ಎಂದ ಅವನು. ಇಂಜಿನಿಯರು ಅಲ್ಲೇ ಸಹಿ ಹಾಕಿದರು.

“ಸರ್, ಅನುಮತಿಗೆ ಮುಂಚೆ ಬಿಚ್ಚಿದ್ದು ಯಾರು ಅಂತ ಬರೀಬೇಕು” ಎಂದು ಮೇಡಂ ಪಿಸುಗುಟ್ಟಿದರು. “ಹೊರಗಿನವರು ಅಂತ ಹಾಕ್ಲಾ?”

“ಯಾರಮ್ಮ ಹೊರಗಿನವಳು?” ಎಂದಳು ಅಕ್ಕ. “ಇದನ್ನ ಹೊಲಿದವಳು ನಾನು.”

ಮೇಡಂ ಏನೂ ಬರೆಯಲಿಲ್ಲ. ಕಡತ ಮುಚ್ಚಿ ಅದರ ಮೇಲೆ ಕಲ್ಲಿಟ್ಟರು.

ಮಳೆ ಬಿಟ್ಟು ಎಲ್ಲರೂ ಚೆದುರಿದ ಮೇಲೆ ಅಕ್ಕ ಮತ್ತು ತಮ್ಮ ಇಬ್ಬರೇ ಉಳಿದರು. ಅವಳು ಕೈ ಮೇಲೆತ್ತಿ, ನೆನೆದು ಜೋತುಬಿದ್ದಿದ್ದ ಬಟ್ಟೆಯ ಅಂಚನ್ನು ಹಿಡಿದಳು. ಕೆಂಪು ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಹತ್ತಿರ ಎಳೆದುಕೊಂಡು ಮೂಸಿ ನೋಡಿದಳು.

“ಇಷ್ಟು ವರ್ಷ ಬಿಸಿಲಲ್ಲಿ ನಿಂತ ಬಟ್ಟೆ ಇನ್ನೂ ಹೊಸದಾಗಿದೆಯಲ್ಲೋ. ನುಸಿಗುಳಿಗೆ ವಾಸನೆ ಬೇರೆ.” ಅವಳ ಕೈ ಅವರ ಕಿವಿ ಹುಡುಕಿಕೊಂಡು ಬಂತು. “ಇದೆ ಇದೆ ಅಂತಿದ್ದೆಯಲ್ಲ. ಎಲ್ಲಿತ್ತೋ?”

“ಅಟ್ಟದ ಮೇಲೆ ಅಕ್ಕ” ಎಂದರು ನಮ್ಮವರು. “ಕಿತ್ತುಹಾಕಿಬಿಟ್ರು. ನಿನಗೆ ಹೇಳೋಕೆ ಆಗ್ಲಿಲ್ಲ.”

ಅಕ್ಕ ಕಿವಿ ಹಿಂಡಲಿಲ್ಲ, ಬಿಡಲೂ ಇಲ್ಲ. ಹಾಗೇ ಹಿಡಿದುಕೊಂಡು ಮೇಲೆ ನೋಡಿದಳು. ಮಂಜಾದ ಆ ಕಣ್ಣಿಗೆ ಎಷ್ಟು ಕಾಣಿಸಿತೋ ಗೊತ್ತಿಲ್ಲ. ಆಮೇಲೆ ಥೇಟ್ ಅಪ್ಪನ ದನಿಯಲ್ಲಿ ಹೇಳಿದಳು:

“ಆಗ್ಲಿ ಬಿಡು.”